ಧನಮೂಲ ಮತ್ತು ಜನಮೂಲ: ಸಹಭಾಗಿ ರೋಗಸಂಶೋಧನೆ ಹಾಗೂ ಬೆಂಗಳೂರು ಗ್ರಾಮಾಂತರ ಪ್ರದೇಶ

1. ಪ್ರವೇಶ

ವೈದ್ಯಕೀಯ ಸಂಶೋಧನೆಯ ಚರಿತ್ರೆಯು ಬಹುಮಟ್ಟಿಗೆ ಸಂಸ್ಥೆಗಳ, ವಿಜ್ಞಾನಿಗಳ ಹಾಗೂ ಔಷಧಿಗಳ ಚರಿತ್ರೆಯಾಗಿ ರೂಪುಗೊಂಡಿದೆ. ಸಂಶೋಧನೆಗೆ ಹಣ ಎಲ್ಲಿಂದ ಬಂದಿತು ಎಂಬ ಸಂಗತಿಯು ವರದಿಯ ಕೊನೆಯ ಕೃತಜ್ಞತೆಯ ಸಾಲುಗಳಲ್ಲಿ ಬಂದುಹೋಗುತ್ತದೆ. ಕಫ, ರಕ್ತ, ಮೂತ್ರಗಳನ್ನು ಕೊಟ್ಟು, ಕೂಲಿಯ ಒಂದು ದಿನವನ್ನು ಬಿಟ್ಟು ಪರೀಕ್ಷೆಗೆ ಬಂದು ನಿಂತ ಜನರು ಕೋಷ್ಟಕದ ಒಂದು ಅಂಕಿಯಾಗಿ ಉಳಿಯುತ್ತಾರೆ. ಹಣ ಕೊಟ್ಟವರನ್ನು ಧನಮೂಲವೆಂದೂ, ತಮ್ಮ ಮೈಯನ್ನೂ ಮಾತನ್ನೂ ಕೊಟ್ಟವರನ್ನು ಜನಮೂಲವೆಂದೂ ಕರೆಯುವುದಾದರೆ, ಈ ಎರಡರ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕಾಗಿ ಎರಡು ರೋಗಗಳನ್ನು ಆರಿಸಿಕೊಳ್ಳಲಾಗಿದೆ. ಮೊದಲನೆಯದು ಕ್ಷಯ. 1960ರ ದಶಕದಲ್ಲಿ ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ನಡೆದ ಕ್ಷಯರೋಗದ ಅಧ್ಯಯನಗಳು ಅಂತರರಾಷ್ಟ್ರೀಯ ನೆರವಿನಿಂದ ನಡೆದು ಜಗತ್ತಿನ ಗಮನ ಸೆಳೆದವು. ಎರಡನೆಯದು ಮೂತ್ರಪಿಂಡದ ರೋಗ. ಯುರೋಪಿನ ಆಸ್ಪತ್ರೆಗಳು ಇದಕ್ಕಾಗಿ ಒಟ್ಟುಗೂಡಿ ಹಣ ಹೂಡುವ ವ್ಯವಸ್ಥೆಯನ್ನು ಆರು ದಶಕಗಳಲ್ಲಿ ಬೆಳೆಸಿಕೊಂಡಿವೆ; ನಮ್ಮಲ್ಲಿ ಅಂಥ ಪ್ರಯತ್ನಗಳು ಈ ಶತಮಾನದಲ್ಲಿ ಆರಂಭವಾಗಿವೆ. ಮೊದಲ ರೋಗದ ಚರಿತ್ರೆಯು ಎರಡನೆಯದಕ್ಕೆ ಯಾವ ಪಾಠವನ್ನು ಕಲಿಸಬಲ್ಲದು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಪ್ರದೇಶದ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ಬೆಂಗಳೂರು ಗ್ರಾಮಾಂತರ ಜಿಲ್ಲೆಯು ರಚನೆಯಾದುದು 1986ರಲ್ಲಿ. 2007ರಲ್ಲಿ ರಾಮನಗರ ಜಿಲ್ಲೆಯು ಬೇರೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಇದರಲ್ಲಿ ಉಳಿದವು. 2025ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟವು ಇದನ್ನು ಬೆಂಗಳೂರು ಉತ್ತರ ಜಿಲ್ಲೆಯೆಂದು ಕರೆಯಲು ತೀರ್ಮಾನಿಸಿತು. ಕ್ಷಯದ ಅಧ್ಯಯನಗಳು ನಡೆದಾಗ ಈ ತಾಲ್ಲೂಕುಗಳೆಲ್ಲ ಅವಿಭಜಿತ ಬೆಂಗಳೂರು ಜಿಲ್ಲೆಗೆ ಸೇರಿದ್ದವು. ಆದುದರಿಂದ ಆ ಕಾಲದ ವಿವರಗಳನ್ನು ಕೊಡುವಾಗ ‘ಬೆಂಗಳೂರು ಜಿಲ್ಲೆ’ ಎಂದೇ ಬಳಸಲಾಗಿದೆ.

2. ವಂತಿಗೆ ಮತ್ತು ಮುಯ್ಯಿ

ಸಹಭಾಗಿತ್ವದ ಹಣಕಾಸು ಎಂಬ ಪರಿಕಲ್ಪನೆಯು ಹಳ್ಳಿಗೆ ಹೊಸದಲ್ಲ. ಊರಹಬ್ಬಕ್ಕೆ ಮನೆಮನೆಯಿಂದ ವಂತಿಗೆ ಎತ್ತುವ ಪದ್ಧತಿ ಈ ಸೀಮೆಯಲ್ಲಿ ಇಂದಿಗೂ ಇದೆ. ಮಾರಮ್ಮನ ಹಬ್ಬದಲ್ಲಿ ಪ್ರತಿ ಮನೆಯ ತಂಬಿಟ್ಟಿನ ಆರತಿಯೂ ಒಂದೇ ಮೆರವಣಿಗೆಯಲ್ಲಿ ಸಾಗುತ್ತದೆ. ಸಿಡುಬು, ಪ್ಲೇಗುಗಳಂಥ ಸಾಂಕ್ರಾಮಿಕಗಳನ್ನು ಜನ ‘ಅಮ್ಮ’ ಎಂದು ಕರೆದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಪ್ಲೇಗಿನಮ್ಮನ ಗುಡಿಗಳೂ ಹುಟ್ಟಿಕೊಂಡವು. ಅಮ್ಮನು ಊರಿಗೇ ಬರುವವಳು; ಆದುದರಿಂದ ಅವಳನ್ನು ಸಾಗಹಾಕುವ ಖರ್ಚೂ ಊರಿನದೇ. ಈ ಅರ್ಥದಲ್ಲಿ ಹಬ್ಬದ ವಂತಿಗೆಯನ್ನು ಹಳ್ಳಿಯ ಅತಿ ಹಳೆಯ ಆರೋಗ್ಯನಿಧಿ ಎನ್ನಬಹುದು.

ಮುಯ್ಯಿಯ ಕ್ರಮ ಇದಕ್ಕಿಂತ ಭಿನ್ನವಾದುದು. ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರನ್ನೂ ಮೊತ್ತವನ್ನೂ ಪುಸ್ತಕದಲ್ಲಿ ಬರೆದಿಡಲಾಗುತ್ತದೆ. ಅವರ ಮನೆಯ ಶುಭಕಾರ್ಯದಲ್ಲಿ ಅದನ್ನು ಹಿಂತಿರುಗಿಸಬೇಕು. ಹೊಲದ ಕೆಲಸದಲ್ಲಿ ಮುಯ್ಯಾಳಿನ ಪದ್ಧತಿಯೂ ಹೀಗೆಯೇ. ಒಬ್ಬರ ಹೊಲಕ್ಕೆ ದುಡಿದ ದಿನ ಇನ್ನೊಬ್ಬರ ಮೇಲಿನ ಋಣವಾಗಿ ನಿಲ್ಲುತ್ತದೆ. ವಂತಿಗೆಯಲ್ಲಿ ಕೊಟ್ಟದ್ದು ಸಮುದಾಯದಲ್ಲಿ ಕರಗುತ್ತದೆ; ಮುಯ್ಯಿಯಲ್ಲಿ ಕೊಟ್ಟದ್ದು ಲೆಕ್ಕದಲ್ಲಿ ಉಳಿಯುತ್ತದೆ. ರೋಗಸಂಶೋಧನೆಗೆ ಹಳ್ಳಿಗರು ಕೊಟ್ಟುದನ್ನು ಯಾವ ಬಗೆಯ ಕೊಡುಗೆಯೆಂದು ತಿಳಿಯಬೇಕು? ಈ ಎರಡು ಪದಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿವರಗಳನ್ನು ಗಮನಿಸಬೇಕು.

3. ಹೊರಗಿನ ಹಣದ ಆಗಮನ

ಮೈಸೂರು ಸಂಸ್ಥಾನವು ಹೊರಗಿನ ನೆರವಿನೊಡನೆ ಆರೋಗ್ಯಕಾರ್ಯವನ್ನು ಕೈಗೊಂಡುದು 1920ರ ದಶಕದ ಕೊನೆಯ ವೇಳೆಗೆ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಲೇರಿಯಾ ಅಧ್ಯಯನಗಳೂ ಮಂಡ್ಯದ ಗ್ರಾಮೀಣ ಆರೋಗ್ಯ ಘಟಕವೂ ಆರಂಭವಾದವು.

ಕ್ಷಯದ ವಿಷಯದಲ್ಲಿ ಯುರೋಪಿನ ಹಣ ಮತ್ತು ಪರಿಣತಿ ಬಂದುದು ಎರಡನೆಯ ಮಹಾಯುದ್ಧದ ಅನಂತರ. ಯುದ್ಧದಿಂದ ಜರ್ಜರಿತವಾಗಿದ್ದ ಯುರೋಪಿನ ಮಕ್ಕಳಿಗೆ ಬಿ.ಸಿ.ಜಿ. ಲಸಿಕೆ ಹಾಕಲು ಡೆನ್ಮಾರ್ಕ್, ನಾರ್ವೆ, ಸ್ವೀಡನ್ನುಗಳ ಪರಿಹಾರ ಸಂಸ್ಥೆಗಳು ಆರಂಭಿಸಿದ್ದ ಕಾರ್ಯವು ಯುನಿಸೆಫ್‌ನ ಜೊತೆ ಸೇರಿ 1948ರಿಂದ ಅಂತರರಾಷ್ಟ್ರೀಯ ಆಂದೋಲನವಾಯಿತು. ಭಾರತದಲ್ಲಿ ಅದು ಅದೇ ವರ್ಷ ಕೋಲಾರ ಜಿಲ್ಲೆಯ ಗಡಿಯಾಚೆಯ ಮದನಪಲ್ಲಿಯಲ್ಲಿ ಆರಂಭವಾಯಿತು. ಅಲ್ಲಿನ ಆರೋಗ್ಯವರಂ ಕ್ಷಯರೋಗಧಾಮದಲ್ಲಿ ಡೆನ್ಮಾರ್ಕಿನ ವೈದ್ಯ ಯೊಹಾನೆಸ್ ಫ್ರಿಮೊಟ್-ಮೊಲ್ಲರ್ ಅವರು ದೀರ್ಘಕಾಲ ಸೇವೆ ಸಲ್ಲಿಸಿದರು.

1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಒಂದು ರೂಢ ನಂಬಿಕೆಯನ್ನು ಅಲುಗಿಸಿತು. ಕ್ಷಯವು ನಗರದ ಇಕ್ಕಟ್ಟಿನ ರೋಗವೆಂಬ ತಿಳಿವಳಿಕೆಗೆ ಬದಲಾಗಿ ಹಳ್ಳಿಗಳಲ್ಲಿಯೂ ಅದು ನಗರದಷ್ಟೇ ಇದೆಯೆಂದು ಕಂಡುಬಂದಿತು. ಹೀಗಾಗಿ ರೋಗಧಾಮಗಳನ್ನು ಕಟ್ಟಿ ಇಡೀ ದೇಶಕ್ಕೆ ಚಿಕಿತ್ಸೆ ಕೊಡುವುದು ಅಸಾಧ್ಯವೆಂಬುದು ಖಚಿತವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಈ ನಾಲ್ಕೂ ಕೂಡಿ 1956ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ಕ್ಷಯ ಚಿಕಿತ್ಸಾ ಕೇಂದ್ರವು ಮನೆಯಲ್ಲಿಯೇ ಇದ್ದು ಔಷಧಿ ಪಡೆದವರೂ ರೋಗಧಾಮದಲ್ಲಿದ್ದವರಷ್ಟೇ ಗುಣಹೊಂದುತ್ತಾರೆಂದು 1959ರಲ್ಲಿ ತೋರಿಸಿಕೊಟ್ಟಿತು.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಸ್ಥಾಪನೆಯಾದುದು ಈ ಹಿನ್ನೆಲೆಯಲ್ಲಿ. ಪ್ರಧಾನಿ ಜವಾಹರಲಾಲ್ ನೆಹರೂ ಅವರು 1960ರ ಸೆಪ್ಟೆಂಬರ್ 16ರಂದು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಭಾರತ ಸರ್ಕಾರದ ಈ ಸಂಸ್ಥೆಗೆ ವಿಶ್ವ ಆರೋಗ್ಯ ಸಂಸ್ಥೆಯು ತಜ್ಞರನ್ನೂ ಯುನಿಸೆಫ್ ಉಪಕರಣಗಳನ್ನೂ ಒದಗಿಸಿದವು. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು ಒಂದೇ ಸೂರಿನಡಿ ಕೆಲಸಮಾಡಿದುದು ಇದರ ವೈಶಿಷ್ಟ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಭಾರತದ ಕ್ಷಯ ಕಾರ್ಯದಲ್ಲಿ 1951ರಿಂದ 1961ರವರೆಗೆ ದುಡಿದ ಡೆನ್ಮಾರ್ಕಿನ ಹಾಫ್‌ಡಾನ್ ಮಾಹ್ಲರ್ ಅವರು ಈ ಸಂಸ್ಥೆಯ ಆರಂಭದ ಹಂತದಲ್ಲಿ ಪ್ರಮುಖ ಪಾತ್ರ ವಹಿಸಿದರು. ಸಂಸ್ಥೆಯಿರುವ ಬಳ್ಳಾರಿ ರಸ್ತೆಯೇ ಮುಂದೆ ದೇವನಹಳ್ಳಿಯನ್ನು ತಲಪುತ್ತದೆ. ಸಂಸ್ಥೆಯ ವಾಹನಗಳು ಹೊರಟುದು ಹಳ್ಳಿಗಳ ಕಡೆಗೇ.

4. ನೂರಹತ್ತೊಂಬತ್ತು ಗ್ರಾಮಗಳು

1961ರಿಂದ 1968ರವರೆಗೆ ಸಂಸ್ಥೆಯು ಬೆಂಗಳೂರು ಜಿಲ್ಲೆಯ 119 ಗ್ರಾಮಗಳಲ್ಲಿ ಒಂದು ದೀರ್ಘಾವಧಿಯ ಅಧ್ಯಯನವನ್ನು ಕೈಗೊಂಡಿತು. ಗ್ರಾಮಗಳನ್ನು ಯಾದೃಚ್ಛಿಕ ಕ್ರಮದಲ್ಲಿ, ಅಂದರೆ ಚೀಟಿ ಎತ್ತಿದಂತೆ, ಆರಿಸಲಾಗಿತ್ತು. ಅದೇ ಜನಸಮುದಾಯವನ್ನು ನಾಲ್ಕು ಬಾರಿ ಸಮೀಕ್ಷಿಸಲಾಯಿತು.

ಕ್ಷೇತ್ರಕಾರ್ಯದ ಕ್ರಮ ಹೀಗಿತ್ತು. ಮೊದಲು ಮನೆಮನೆಗೆ ಹೋಗಿ ಜನರ ಪಟ್ಟಿ ಮಾಡುವುದು. ಬಳಿಕ ಮುಂಗೈಗೆ ಟ್ಯುಬರ್ಕ್ಯುಲಿನ್ ಚುಚ್ಚುಮದ್ದು ಕೊಟ್ಟು ಮೂರು ದಿನಗಳ ಮೇಲೆ ಮತ್ತೆ ಬಂದು ಬಾವಿನ ಅಳತೆ ತೆಗೆದುಕೊಳ್ಳುವುದು. ಎದೆಯ ಕ್ಷ-ಕಿರಣ ಚಿತ್ರ ತೆಗೆಯುವುದು. ಅನುಮಾನವಿದ್ದವರ ಕಫವನ್ನು ಪ್ರಯೋಗಾಲಯಕ್ಕೆ ಒಯ್ಯುವುದು. ಆ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳಿಗಾಗಿ ಟ್ಯುಬರ್ಕ್ಯುಲಿನ್ನಿನ ಅಧಿಕೃತ ಮಾದರಿ ತಯಾರಾಗುತ್ತಿದ್ದುದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಸರ್ಕಾರಿ ಸೀರಂ ಸಂಸ್ಥೆಯಲ್ಲಿ. ಯುರೋಪಿನ ಪ್ರಯೋಗಾಲಯದ ದ್ರವವು ರಾಗಿಯ ಹೊಲದಿಂದ ಬಂದವರ ತೋಳಿಗೆ ಇಳಿಯುವ ಈ ಪಯಣವು ಸಹಭಾಗಿ ಸಂಶೋಧನೆಯ ಸ್ವರೂಪವನ್ನು ಯಾವ ಒಪ್ಪಂದಪತ್ರಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. ಒಂದು ತುದಿಯಲ್ಲಿ ಧನಮೂಲ, ಇನ್ನೊಂದು ತುದಿಯಲ್ಲಿ ಜನಮೂಲ.

ಅಧ್ಯಯನದ ಫಲಿತಾಂಶಗಳು 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದವು. ಇವುಗಳಲ್ಲಿ ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖವಾಗುವ ಒಂದು ಭಾಗವಿದೆ. ಮೊದಲ ಸಮೀಕ್ಷೆಯಲ್ಲಿ ಕಫದಲ್ಲಿ ಕ್ಷಯಾಣು ಕಂಡುಬಂದಿದ್ದ 126 ಮಂದಿಯ ಗತಿ ಐದು ವರ್ಷಗಳ ಅನಂತರ ಏನಾಯಿತು ಎಂಬುದೇ ಅದು. ಶೇ. 49.2ರಷ್ಟು ಜನ ತೀರಿಕೊಂಡಿದ್ದರು. ಶೇ. 32.5ರಷ್ಟು ಜನರ ಕಫದಲ್ಲಿ ಕ್ಷಯಾಣು ಕಾಣದಾಗಿತ್ತು. ಶೇ. 18.3ರಷ್ಟು ಜನ ರೋಗಾಣುವನ್ನು ಹೊರಹಾಕುತ್ತಲೇ ಬದುಕಿದ್ದರು. ಅಧ್ಯಯನದ ಅವಧಿಯಲ್ಲಿ ಆ ಪ್ರದೇಶದಲ್ಲಿ ಸಂಘಟಿತವಾದ ಕ್ಷಯ ಚಿಕಿತ್ಸಾ ಕಾರ್ಯಕ್ರಮವು ಇರಲಿಲ್ಲ. ಹೀಗಾಗಿ ಚಿಕಿತ್ಸೆಯಿಲ್ಲದ ಕ್ಷಯದ ಸಹಜ ಗತಿಯನ್ನು ಅರಿಯಲು ಜಗತ್ತಿನ ಸಂಶೋಧಕರು ಇಂದಿಗೂ ಆಶ್ರಯಿಸುವ ಆಧಾರಗಳಲ್ಲಿ ಇದೂ ಒಂದಾಗಿದೆ.

ಶೇಕಡಾವಾರು ಲೆಕ್ಕವನ್ನು ಬಿಡಿಸಿ ನೋಡಿದರೆ ಸತ್ತವರು 62 ಮಂದಿ. ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ರೂಪುಗೊಂಡುದು 1962ರಲ್ಲಿ. ಅದು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಲು ವರ್ಷಗಳೇ ಹಿಡಿದವು. ಮಾನವರನ್ನು ಒಳಗೊಂಡ ಸಂಶೋಧನೆಗೆ ನೀತಿಸೂತ್ರಗಳನ್ನು ಹಾಕಿಕೊಟ್ಟ ಹೆಲ್ಸಿಂಕಿ ಘೋಷಣೆಯು ಹೊರಬಂದುದು 1964ರಲ್ಲಿ, ಅಂದರೆ ಅಧ್ಯಯನದ ನಡುವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನೀತಿ ಹೇಳಿಕೆಯು 1980ರದು. ಇಂದಿನ ಮಾನದಂಡವನ್ನು ಅಂದಿನವರ ಮೇಲೆ ಹೇರುವುದು ಚರಿತ್ರಕಾರನಿಗೆ ಒಪ್ಪುವ ಕ್ರಮವಲ್ಲ. ಆದರೆ ಮದ್ರಾಸಿನಲ್ಲಿ ಮನೆಯ ಚಿಕಿತ್ಸೆ ಸಾಧ್ಯವೆಂದು ಸಿದ್ಧವಾದ ಅನಂತರವೂ ಇಲ್ಲಿನ ಹಳ್ಳಿಗಳಲ್ಲಿ ಆ ಜ್ಞಾನವು ಕಾರ್ಯಕ್ರಮವಾಗಿ ತಲಪಿರಲಿಲ್ಲ ಎಂಬ ಸಂಗತಿಯನ್ನು ದಾಖಲಿಸದೆ ಇರುವುದೂ ಒಪ್ಪುವ ಕ್ರಮವಲ್ಲ. ಆ 126 ಮಂದಿ ಜಗತ್ತಿನ ಕ್ಷಯವಿಜ್ಞಾನಕ್ಕೆ ಮುಯ್ಯಿ ಮಾಡಿದವರು. ಅವರ ಹೆಸರುಗಳು ಗೌಪ್ಯವಾಗಿರಬೇಕಾದುದು ನ್ಯಾಯ. ಅವರ ಊರುಗಳಿಗೆ ಸಲ್ಲಬೇಕಾದ ಋಣವು ಮರೆಯಾಗಬೇಕಾಗಿರಲಿಲ್ಲ.

5. ಕೆಮ್ಮಿನ ಭಾಷೆ

ಇದೇ ಸಂಸ್ಥೆಯ ಇನ್ನೊಂದು ಅಧ್ಯಯನವು ಜಾನಪದ ವಿದ್ವಾಂಸರಿಗೆ ವಿಶೇಷ ಮಹತ್ತ್ವದ್ದು. ಸಮಾಜವಿಜ್ಞಾನಿಯಾಗಿ ಹೆಸರಾದ ವೈದ್ಯ ದೇವಬರ್ ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಅವರು ನೆರೆಯ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಈ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞಾನಿಗಳು, ಅವರಿಗೆ ರೋಗದ ಅರಿವಿಲ್ಲ, ಆದುದರಿಂದ ಕ್ಷ-ಕಿರಣ ಯಂತ್ರಗಳನ್ನು ಹೊತ್ತು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಬೇಕು ಎಂಬ ಅಭಿಪ್ರಾಯ ಆಗ ಪ್ರಬಲವಾಗಿತ್ತು. ಸಂಶೋಧಕರು ರೋಗಿಗಳನ್ನೇ ಕೇಳಿನೋಡಿದರು. ಕಫದಲ್ಲಿ ಕ್ಷಯಾಣುವಿದ್ದವರ ಪೈಕಿ ಶೇ. 95 ಜನ ತಮಗೆ ರೋಗಲಕ್ಷಣವಿದೆಯೆಂದು ಬಲ್ಲವರಾಗಿದ್ದರು. ಶೇ. 72 ಜನ ಅದರಿಂದ ಚಿಂತಿತರಾಗಿದ್ದರು. ಶೇ. 52 ಜನ ಪಾಶ್ಚಾತ್ಯ ವೈದ್ಯಪದ್ಧತಿಯ ಆಸ್ಪತ್ರೆಗಳಿಗೆ ಆಗಲೇ ಹೋಗಿಬಂದಿದ್ದರು. ಅಲ್ಲಿ ಅವರ ಕಫವನ್ನು ಪರೀಕ್ಷಿಸುವವರಿರಲಿಲ್ಲ. ಕೆಮ್ಮಿಗೆ ಔಷಧಿ ಕೊಟ್ಟು ಕಳಿಸುವುದು ರೂಢಿಯಾಗಿತ್ತು.

ಈ ಫಲಿತಾಂಶವು ಹಣಕಾಸಿನ ಲೆಕ್ಕವನ್ನೇ ಬದಲಿಸಿತು. ಜನ ತಾವಾಗಿಯೇ ಆಸ್ಪತ್ರೆಗೆ ಬರುತ್ತಾರೆಂದ ಮೇಲೆ ಅವರನ್ನು ಹುಡುಕಲು ದುಬಾರಿ ಯಂತ್ರಗಳ ದಂಡಯಾತ್ರೆ ಬೇಕಿಲ್ಲ. ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಸಾಮಾನ್ಯ ಆರೋಗ್ಯಸೇವೆಯೊಳಗೇ ಕ್ಷಯ ಕಾರ್ಯವನ್ನು ಸೇರಿಸಿದ 1962ರ ರಾಷ್ಟ್ರೀಯ ಕಾರ್ಯಕ್ರಮದ ತಿರುಳು ಇದೇ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ 1973ರಿಂದ 1988ರವರೆಗೆ ಇದ್ದ ಮಾಹ್ಲರ್ ಅವರು 1978ರ ಆಲ್ಮಾ-ಆಟಾ ಸಮ್ಮೇಳನದಲ್ಲಿ ಪ್ರಾಥಮಿಕ ಆರೋಗ್ಯಸೇವೆಯನ್ನು ಪ್ರತಿಪಾದಿಸಿದಾಗ ಭಾರತದ ಹಳ್ಳಿಗಳ ಹತ್ತು ವರ್ಷಗಳ ಅನುಭವ ಅವರ ಹಿಂದೆ ಇತ್ತು.

ಜನರಿಗೆ ಈ ಅರಿವು ಎಲ್ಲಿಂದ ಬಂದಿತು? ಇದಕ್ಕೆ ಉತ್ತರ ಭಾಷೆಯಲ್ಲಿದೆ. ಒಣಕೆಮ್ಮು, ಕಫದ ಕೆಮ್ಮು, ನಾಯಿಕೆಮ್ಮು, ಉಬ್ಬಸ, ಗೂರಲು, ದಮ್ಮು ಎಂದು ನಮ್ಮ ಜನ ಎದೆಯ ತೊಂದರೆಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಾರೆ. ಎಷ್ಟು ದಿನದ ಕೆಮ್ಮು, ರಾತ್ರಿಯೋ ಬೆಳಗಿನ ಜಾವವೋ, ಕಫದ ಬಣ್ಣ ಯಾವುದು ಎಂಬ ಪ್ರಶ್ನೆಗಳನ್ನು ಮನೆಯ ಹಿರಿಯ ಹೆಂಗಸರು ವೈದ್ಯರಿಗಿಂತ ಮೊದಲೇ ಕೇಳಿರುತ್ತಾರೆ. ಆಡುಸೋಗೆಯ ಕಷಾಯಕ್ಕೆ ಬಗ್ಗದ ಕೆಮ್ಮು ಬೇರೆ ಜಾತಿಯದು ಎಂಬ ನಿರ್ಣಯವೂ ಅವರದೇ. ಶತಮಾನಗಳಿಂದ ಕೂಡಿಬಂದ ಈ ಪದಸಂಪತ್ತು ರೋಗವನ್ನು ಗುರುತಿಸುವ ಮೊದಲ ಜರಡಿಯಾಗಿ ಕೆಲಸಮಾಡಿತು. ಸಂಶೋಧನೆಯ ಆಯವ್ಯಯದಲ್ಲಿ ಇದಕ್ಕೆ ಒಂದು ಕಾಸೂ ಮೀಸಲಾಗಿರಲಿಲ್ಲ. ಆದರೂ ರಾಷ್ಟ್ರೀಯ ಕಾರ್ಯಕ್ರಮವೊಂದು ಇದರ ಮೇಲೆ ನಿಂತಿತು. ಜನಮೂಲವು ಕೊಟ್ಟ ಬಂಡವಾಳಗಳಲ್ಲಿ ಭಾಷೆಯೂ ಒಂದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

6. ಹೆಸರಿಲ್ಲದ ಕಾಯಿಲೆ

ಮೂತ್ರಪಿಂಡದ ದೀರ್ಘಕಾಲಿಕ ರೋಗದ ವಿಷಯಕ್ಕೆ ಬಂದರೆ ಈ ಬಂಡವಾಳವು ನಮಗೆ ಒದಗುವುದಿಲ್ಲ. ‘ಮೂತ್ರಪಿಂಡ’, ‘ಮೂತ್ರಜನಕಾಂಗ’ ಎಂಬ ಪದಗಳು ಪಠ್ಯಪುಸ್ತಕದವು. ಹಳ್ಳಿಯ ಮಾತಿನಲ್ಲಿ ಮೂತ್ರಕ್ಕೆ ಸಂಬಂಧಿಸಿದಂತೆ ಉರಿಮೂತ್ರವಿದೆ, ಕಲ್ಲು ಇದೆ. ಕಲ್ಲಿಗೆ ಬಾಳೆದಿಂಡಿನ ಪಲ್ಯ, ಹುರುಳಿಯ ಕಟ್ಟು ಮುಂತಾದ ಉಪಚಾರಗಳೂ ಇವೆ. ನೋವು ಇರುವಲ್ಲಿ ಹೆಸರೂ ಹುಟ್ಟಿದೆ. ಆದರೆ ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡವು ವರ್ಷಗಟ್ಟಲೆ ಸವೆಯುವ ಕ್ರಿಯೆಗೆ ನೋವಿಲ್ಲ. ಆದುದರಿಂದ ಹೆಸರೂ ಇಲ್ಲ. ಕಾಲು ಬಾವು, ಮುಖದ ಊತ, ಸುಸ್ತು, ಅನ್ನ ಸೇರದಿರುವುದು ಇವು ಕಾಣಿಸಿಕೊಳ್ಳುವ ವೇಳೆಗೆ ಅಂಗದ ಬಹುಭಾಗ ಕೆಲಸ ನಿಲ್ಲಿಸಿರುತ್ತದೆ. ಆಗ ಊರಿನವರ ಬಾಯಲ್ಲಿ ಬರುವ ಮಾತು ಒಂದೇ: ‘ಕಿಡ್ನಿ ಫೇಲಾಗಿದೆ’. ಎರವಲು ಪದಗಳಿಂದಾದ ಈ ವಾಕ್ಯವು ರೋಗದ ಆರಂಭವನ್ನು ಹೇಳುವುದಿಲ್ಲ, ಕೊನೆಯನ್ನು ಮಾತ್ರ ಹೇಳುತ್ತದೆ.

ಇದರ ಪರಿಣಾಮ ಎರಡು ಬಗೆಯದು. ಮೊದಲನೆಯದು ಸಂಶೋಧನೆಗೆ ಸಂಬಂಧಿಸಿದುದು. ತುಮಕೂರಿನ ಕ್ಷಯರೋಗಿಗಳಂತೆ ಇಲ್ಲಿ ರೋಗಿಗಳು ತಾವಾಗಿಯೇ ಬರುವುದಿಲ್ಲ. ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಅಳೆಯದೆ ರೋಗ ತಿಳಿಯುವುದಿಲ್ಲ. ಅಳತೆಗೆ ಪ್ರಯೋಗಾಲಯ ಬೇಕು, ಪ್ರಯೋಗಾಲಯಕ್ಕೆ ಹಣ ಬೇಕು. ಕ್ಷಯದಲ್ಲಿ ಭಾಷೆಯು ಪುಕ್ಕಟೆಯಾಗಿ ಒದಗಿಸಿದುದನ್ನು ಇಲ್ಲಿ ಹಣ ಕೊಟ್ಟು ಪಡೆಯಬೇಕಾಗಿದೆ. ಎರಡನೆಯದು ಕುಟುಂಬಕ್ಕೆ ಸಂಬಂಧಿಸಿದುದು. ಇದು ಊರಿಗೆ ಬರುವ ಅಮ್ಮನಲ್ಲ, ಒಂದು ಮನೆಗೆ ಬರುವ ಕಷ್ಟ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗುವ ಖರ್ಚು, ಜೊತೆಗೆ ಹೋಗುವವರ ಕೂಲಿಯ ನಷ್ಟ, ಎರಡನ್ನೂ ಆ ಮನೆಯೇ ಹೊರಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಮತ್ತು ರಾಜ್ಯದ ಯೋಜನೆಗಳು ಈ ಹೊರೆಯನ್ನು ಕಡಿಮೆ ಮಾಡಿವೆ. ಆದರೆ ಇವೆಲ್ಲ ಕೊನೆಯ ಹಂತದ ನೆರವು. ಸವೆತವನ್ನು ಮೊದಲೇ ತಡೆಯುವ ಜ್ಞಾನಕ್ಕಾಗಿ ಬೇಕಾದುದು ಸಂಶೋಧನೆ.

7. ಯುರೋಪಿನ ಒಕ್ಕೂಟದ ಮಾದರಿ

ಮೂತ್ರಪಿಂಡದ ಚಿಕಿತ್ಸೆಯಲ್ಲಿ ಸಹಭಾಗಿತ್ವವು ಅನಿವಾರ್ಯವಾಗಿ ಹುಟ್ಟಿದ ಬಗೆಯನ್ನು ಯುರೋಪಿನಲ್ಲಿ ಕಾಣಬಹುದು. 1943ರಲ್ಲಿ, ಜರ್ಮನರ ಆಕ್ರಮಣದಲ್ಲಿದ್ದ ನೆದರ್‌ಲೆಂಡ್ಸ್‌ನ ಕಾಂಪೆನ್ ಪಟ್ಟಣದಲ್ಲಿ ವೈದ್ಯ ವಿಲೆಮ್ ಕಾಲ್ಫ್ ಅವರು ಕೃತಕ ಮೂತ್ರಪಿಂಡವನ್ನು ರೋಗಿಗಳಿಗೆ ಬಳಸಿದರು. ಇಪ್ಪತ್ತು ವರ್ಷಗಳ ಅನಂತರವೂ ಒಂದೊಂದು ಆಸ್ಪತ್ರೆಯಲ್ಲಿ ಇದ್ದ ಯಂತ್ರಗಳು ಕೆಲವೇ, ರೋಗಿಗಳೂ ಕೆಲವರೇ. ಯಾವ ಕ್ರಮದಿಂದ ಯಾರು ಎಷ್ಟು ಕಾಲ ಬದುಕುತ್ತಾರೆಂದು ತಿಳಿಯಲು ಒಬ್ಬ ವೈದ್ಯನ ಅನುಭವ ಸಾಲದಾಗಿತ್ತು. 1960ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ವೈದ್ಯರು ಸಂಘವೊಂದನ್ನು ಕಟ್ಟಿದರು. ಒಂದು ದಾಖಲೆಪುಸ್ತಕವನ್ನು ಆರಂಭಿಸಿ, ಹಲವು ದೇಶಗಳ ಕೇಂದ್ರಗಳು ತಮ್ಮ ರೋಗಿಗಳ ವಿವರವನ್ನು ಅದಕ್ಕೆ ಕಳುಹಿಸುವಂತೆ ಮಾಡಿದರು. ಈ ದಾಖಲೆ ವ್ಯವಸ್ಥೆ ಇಂದಿಗೂ ಮುಂದುವರಿದಿದೆ. ಮುಯ್ಯಿಪುಸ್ತಕದ ಸ್ಮರಣೆಯಿರುವ ನಮಗೆ ಇದರ ತತ್ತ್ವ ಅಪರಿಚಿತವೆನಿಸದು: ಪ್ರತಿಯೊಬ್ಬರೂ ಕೊಡುತ್ತಾರೆ, ಬರೆದಿಡಲಾಗುತ್ತದೆ, ಪ್ರತಿಯೊಬ್ಬರಿಗೂ ಎಲ್ಲರ ಅನುಭವ ಮರಳಿ ದೊರೆಯುತ್ತದೆ.

ಯುರೋಪಿನ ಒಕ್ಕೂಟವು ಈ ತತ್ತ್ವವನ್ನು ಹಣಕಾಸಿನ ನಿಯಮವಾಗಿ ಮಾರ್ಪಡಿಸಿತು. ಅದರ ಸಂಶೋಧನಾ ಚೌಕಟ್ಟಿನ ಸಹಭಾಗಿ ಯೋಜನೆಗಳಿಗೆ ಕನಿಷ್ಠ ಮೂರು ಬೇರೆಬೇರೆ ದೇಶಗಳ ಮೂರು ಸಂಸ್ಥೆಗಳು ಕೂಡಿ ಅರ್ಜಿ ಹಾಕಬೇಕೆಂಬುದು ಸಾಮಾನ್ಯ ನಿಯಮ. ವಿರಳವಾದ ಮೂತ್ರಪಿಂಡ ರೋಗಗಳಲ್ಲಿ ಇದರ ಪ್ರಯೋಜನ ಸ್ಪಷ್ಟವಾಗಿ ಕಾಣುತ್ತದೆ. ಒಂದು ದೇಶದಲ್ಲಿ ಬೆರಳೆಣಿಕೆಯಷ್ಟು ರೋಗಿಗಳಿರುವ ವಂಶವಾಹಿ ರೋಗವನ್ನು ಆ ದೇಶವೊಂದೇ ಅಧ್ಯಯನ ಮಾಡಲಾಗದು. ಏಳನೆಯ ಚೌಕಟ್ಟು ಕಾರ್ಯಕ್ರಮದ ನೆರವಿನಿಂದ 2012ರಿಂದ 2017ರವರೆಗೆ ನಡೆದ ‘ಯುರೆನಾಮಿಕ್ಸ್’ ಯೋಜನೆಯು ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಇಂಥ ರೋಗಗಳ ಕಾರಣಗಳನ್ನು ಶೋಧಿಸಿತು. 2017ರಲ್ಲಿ ವಿರಳ ಮೂತ್ರಪಿಂಡ ರೋಗಗಳ ಯುರೋಪಿನ ಆಸ್ಪತ್ರೆಗಳ ಜಾಲವೂ ಹೈಡೆಲ್‌ಬರ್ಗಿನಿಂದಲೇ ಸಂಯೋಜನೆಗೊಂಡು ಆರಂಭವಾಯಿತು. ಹಣವು ಒಂದು ಆಸ್ಪತ್ರೆಯ ಪ್ರತಿಷ್ಠೆಗೆ ಸಲ್ಲದೆ ಆಸ್ಪತ್ರೆಗಳ ನಡುವಣ ಸಂಬಂಧಕ್ಕೆ ಸಲ್ಲಬೇಕು ಎಂಬುದು ಈ ಮಾದರಿಯ ಸಾರ.

8. ಇಲ್ಲಿನ ಲೆಕ್ಕ

ಭಾರತದಲ್ಲಿ ಹಲವು ಕೇಂದ್ರಗಳು ಒಟ್ಟಾಗಿ ಮೂತ್ರಪಿಂಡ ರೋಗವನ್ನು ಅಳೆದ ಗಮನಾರ್ಹ ಪ್ರಯತ್ನ 2006ರಲ್ಲಿ ಆರಂಭವಾದ ‘ಸೀಕ್’. 13 ವೈದ್ಯಕೀಯ ಕೇಂದ್ರಗಳು ಭಾಗವಹಿಸಿದ, 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 5588 ಜನರ ಪರೀಕ್ಷೆಯಿಂದ ಶೇ. 17.2ರಷ್ಟು ಜನರಲ್ಲಿ ರೋಗದ ಗುರುತುಗಳು ಕಂಡುಬಂದವು. ಬೆಂಗಳೂರು, ಮೈಸೂರುಗಳ ಪ್ರಮಾಣ ಶೇ. 4ರ ಆಸುಪಾಸಿನಲ್ಲಿದ್ದರೆ ಕಾನ್ಪುರ, ದೆಹಲಿಗಳದು ಶೇ. 40ನ್ನೂ ಮೀರಿತ್ತು. ಇಷ್ಟು ದೊಡ್ಡ ಅಂತರವನ್ನು ಓದುವಾಗ ಈ ಪರೀಕ್ಷೆಗಳು ಸ್ವಇಚ್ಛೆಯಿಂದ ಬಂದವರ ಶಿಬಿರಗಳಲ್ಲಿ ನಡೆದವು ಎಂಬುದನ್ನು ನೆನಪಿಡಬೇಕು. ಶಿಬಿರಕ್ಕೆ ಬರುವವರು ಊರಿನ ಪ್ರತಿನಿಧಿಗಳಾಗಬೇಕೆಂದಿಲ್ಲ. ಮನೆಮನೆಯ ಪಟ್ಟಿ ಮಾಡಿ, ಚೀಟಿ ಎತ್ತಿ, ಅದೇ ಜನರ ಬಳಿಗೆ ನಾಲ್ಕು ಬಾರಿ ಹೋದ 1960ರ ದಶಕದ ಶ್ರಮದ ಬೆಲೆ ಇಲ್ಲಿ ತಿಳಿಯುತ್ತದೆ. ಅಂಥ ಶ್ರಮಕ್ಕೆ ಶಿಬಿರದ ಹಣ ಸಾಲದು. ದೀರ್ಘಾವಧಿಯ ನಿಧಿ ಬೇಕು.

ಕರ್ನಾಟಕದ ಹಳ್ಳಿಯನ್ನೇ ಆಧರಿಸಿದ ಒಂದು ಅಧ್ಯಯನವು ಶಿವಮೊಗ್ಗ ಜಿಲ್ಲೆಯಲ್ಲಿ ನಡೆದು 2014ರಲ್ಲಿ ಪ್ರಕಟವಾಯಿತು. ‘ಕಿಡ್ಸ್’ ಎಂಬ ಈ ಯೋಜನೆಯಲ್ಲಿ 2091 ವಯಸ್ಕರನ್ನು ಪರೀಕ್ಷಿಸಲಾಯಿತು. ಮೂತ್ರಪಿಂಡದ ಸೋಸುವ ಶಕ್ತಿಯನ್ನು ಲೆಕ್ಕಹಾಕುವ ಒಂದು ಸೂತ್ರದಂತೆ ರೋಗಿಗಳ ಪ್ರಮಾಣ ಶೇ. 6.3, ಇನ್ನೊಂದು ಸೂತ್ರದಂತೆ ಶೇ. 16.69. ಜನ ಅವರೇ, ರಕ್ತ ಅದೇ, ಸೂತ್ರ ಬೇರೆ. ಇವು ಪಾಶ್ಚಾತ್ಯ ದೇಶಗಳ ರೋಗಿಗಳ ಮೈಕಟ್ಟನ್ನು ಆಧರಿಸಿ ರೂಪುಗೊಂಡ ಸೂತ್ರಗಳು. ಕ್ರಿಯಾಟಿನಿನ್ ಪ್ರಮಾಣವು ಸ್ನಾಯುವನ್ನೂ ಆಹಾರವನ್ನೂ ಅವಲಂಬಿಸುವುದರಿಂದ ರಾಗಿಮುದ್ದೆ ಉಂಡು ಹೊಲದಲ್ಲಿ ದುಡಿಯುವ ಮೈಗೆ ಅವು ಹೊಂದುತ್ತವೆಯೇ ಎಂಬುದು ಪರಿಶೀಲನೆಗೆ ಅರ್ಹ. ತನ್ನ ಜನರನ್ನು ತಾನೇ ಅಳೆಯದ ಸಮಾಜವು ಇತರರ ಅಳತೆಗೋಲಿನಲ್ಲಿ ಬದುಕಬೇಕಾಗುತ್ತದೆ.

ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ಹಲವು ಕೇಂದ್ರಗಳಲ್ಲಿ ನಡೆಯುವ ಭಾರತೀಯ ದೀರ್ಘಕಾಲಿಕ ಮೂತ್ರಪಿಂಡ ರೋಗ ಅಧ್ಯಯನವು ನಾಲ್ಕು ಸಾವಿರಕ್ಕೂ ಮೀರಿದ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಕಾರ್ಯವನ್ನು ಕೈಗೊಂಡುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಅದು ಗುರುತಿಸಿದ ರೋಗಿಗಳಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟು ಜನರಿಗೆ ರೋಗದ ಕಾರಣವೇ ತಿಳಿದಿಲ್ಲ. ವಿದೇಶಿ ಹಣದ ನಿಯಮಗಳೂ ಈಚೆಗೆ ಬಿಗಿಯಾಗಿವೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಂತೆ ಆ ಕಾಯ್ದೆಯಡಿ ಹಣ ಪಡೆದ ಸಂಸ್ಥೆಯು ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಒಂದು ಕೇಂದ್ರವು ಹಣ ಪಡೆದು ಹಲವು ಕೇಂದ್ರಗಳೊಡನೆ ಹಂಚಿಕೊಳ್ಳುವ ಯುರೋಪಿನ ಕ್ರಮವನ್ನು ಇಲ್ಲಿನ ಖಾಸಗಿ ಸೇವಾಸಂಸ್ಥೆಗಳು ಯಥಾವತ್ತಾಗಿ ಅನುಸರಿಸುವುದು ಹೀಗೆ ಕಷ್ಟವಾಗಿದೆ. ಆದುದರಿಂದ ಸ್ವದೇಶಿ ಸಾರ್ವಜನಿಕ ನಿಧಿಯ ಹೊಣೆ ಹೆಚ್ಚಿದೆ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಮೂತ್ರಪಿಂಡದ ಆರೋಗ್ಯವನ್ನು ಕುರಿತು ತನ್ನ ಮೊದಲ ನಿರ್ಣಯವನ್ನು ಅಂಗೀಕರಿಸಿರುವುದು ಇಂಥ ನಿಧಿಗೆ ಒಂದು ಆಧಾರವಾಗಬಲ್ಲದು.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸಹಭಾಗಿ ಸಂಶೋಧನೆಗೆ ಬೆಂಗಳೂರಿನ ಸುತ್ತಲಿನ ಹಳ್ಳಿಗಳು ಹೊಸಬರಲ್ಲ. ಜಗತ್ತಿನ ಕ್ಷಯವಿಜ್ಞಾನದ ಒಂದು ಮುಖ್ಯ ಅಧ್ಯಾಯವು ಈ ಹಳ್ಳಿಗಳ ಜನರ ಮೈಮೇಲೆ ಬರೆಯಲ್ಪಟ್ಟಿದೆ. ಎರಡನೆಯದಾಗಿ, ಕ್ಷಯದಲ್ಲಿ ಜನಭಾಷೆಯು ನಿರ್ವಹಿಸಿದ ಕಾರ್ಯವನ್ನು ಮೂತ್ರಪಿಂಡದ ರೋಗದಲ್ಲಿ ನಿರ್ವಹಿಸಬಲ್ಲ ಭಾಷೆ ಇನ್ನೂ ರೂಪುಗೊಂಡಿಲ್ಲ. ಸಂಶೋಧನಾ ನಿಧಿಯ ಒಂದು ಪಾಲು ಈ ಭಾಷೆಯ ನಿರ್ಮಾಣಕ್ಕೆ ಸಲ್ಲಬೇಕು. ರೋಗದ ಆರಂಭವನ್ನು ಹೇಳುವ, ಆಶಾ ಕಾರ್ಯಕರ್ತೆಯೂ ಮನೆಯ ಅಜ್ಜಿಯೂ ಬಳಸಬಲ್ಲ ಕನ್ನಡ ನುಡಿಗಟ್ಟುಗಳನ್ನು ಹಳ್ಳಿಯ ಮಾತಿನಿಂದಲೇ ಹೆಕ್ಕುವ ಕೆಲಸದಲ್ಲಿ ಜಾನಪದ ವಿದ್ವಾಂಸರು ವೈದ್ಯರ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗಿದೆ. ಬ್ಯಾನರ್ಜಿ ಮತ್ತು ಆಂಡರ್ಸನ್ ಅವರ ಸಹಯೋಗವು ಇದಕ್ಕೆ ಹಳೆಯ ಮೇಲ್ಪಂಕ್ತಿ.

ಮೂರನೆಯದು ಋಣದ ವಿಚಾರ. ಹಳ್ಳಿಗರ ಕೊಡುಗೆಯನ್ನು ಇದುವರೆಗೆ ವಂತಿಗೆಯಂತೆ ನೋಡಲಾಗಿದೆ. ಕೊಟ್ಟದ್ದು ಜ್ಞಾನದ ಸಾಗರದಲ್ಲಿ ಕರಗಿಹೋಯಿತು. ಅದನ್ನು ಮುಯ್ಯಿಯೆಂದು ತಿಳಿದರೆ ಲೆಕ್ಕ ಬೇರೆಯಾಗುತ್ತದೆ. ಪರೀಕ್ಷೆಗೆ ಒಳಗಾದ ಪ್ರತಿಯೊಬ್ಬರಿಗೂ ಫಲಿತಾಂಶವು ಅವರ ಭಾಷೆಯಲ್ಲಿ ತಲಪಬೇಕು. ರೋಗ ಕಂಡವರಿಗೆ ಚಿಕಿತ್ಸೆಯ ದಾರಿ ಅದೇ ಯೋಜನೆಯೊಳಗೆ ಇರಬೇಕು. ಅಧ್ಯಯನ ಮುಗಿದ ಮೇಲೆ ಊರಿನ ಒಟ್ಟು ಚಿತ್ರವನ್ನು ಗ್ರಾಮಸಭೆಯ ಮುಂದಿಡಬೇಕು. ಈ ಮೂರಕ್ಕೂ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತು ಇರಬೇಕು. ಮುಯ್ಯಿಪುಸ್ತಕವು ಕೊಟ್ಟವರ ಹೆಸರನ್ನು ಬರೆದಿಡುವುದು ಹೊಗಳಿಕೆಗಾಗಿ ಅಲ್ಲ, ಹಿಂತಿರುಗಿಸುವ ದಿನ ಮರೆಯಬಾರದೆಂದು. ನಾಳೆ ಈ ತಾಲ್ಲೂಕುಗಳ ಹಳ್ಳಿಗಳಿಗೆ ರಕ್ತ, ಮೂತ್ರಗಳ ಮಾದರಿಗಾಗಿ ಬರುವ ಸಂಶೋಧಕರು ಯಾವ ದೇಶದ, ಯಾವ ನಿಧಿಯ ನೆರವಿನಿಂದ ಬಂದರೂ ಅಂಥ ಒಂದು ಪುಸ್ತಕವನ್ನು ಜೊತೆಯಲ್ಲಿ ತರಬೇಕಾದುದು ನ್ಯಾಯ.